ಕತ್ತಲೆ ಹುಡುಕಿಕೊಂಡು ಹೊರಟ ದೂರದರ್ಶಕಗಳು

ಸಿನಿಮಾ ಏಳು ಗಂಟೆಗೆ ಅಂತ ಊರೆಲ್ಲ ಹೇಳಿಬಂದಿದ್ದೆವು. ಏಳೂವರೆಯಾದರೂ ಶುರು ಮಾಡಲಾಗಲಿಲ್ಲ. ಕರೆಂಟು ಹೋಗಿರಲಿಲ್ಲ, ಪ್ರೊಜೆಕ್ಟರ್ ಕೆಟ್ಟಿರಲಿಲ್ಲ. ಶಾಲೆಯ ಗೋಡೆಗೆ ಬಿಳಿ ಪಂಚೆ ಬಿಗಿದು ಕಟ್ಟಿದ್ದೆವು, ಜನವೂ ಬಂದು ಚಾಪೆ ಹಾಸಿಕೊಂಡು ಕೂತಿದ್ದರು. ಆದರೆ ಶಾಲೆಯ ಎದುರಿನ ಕಂಬದಲ್ಲಿ ಹೊಸದಾಗಿ ಹಾಕಿದ ಎಲ್‌ಇಡಿ ದೀಪ ನೇರವಾಗಿ ಪಂಚೆಯ ಮೇಲೇ ಬೀಳುತ್ತಿತ್ತು. ಪರದೆ ಮೇಲೆ ಚಿತ್ರವೇ ಕಾಣುತ್ತಿರಲಿಲ್ಲ.

ತೋರಿಸಬೇಕಿದ್ದ ಸಿನಿಮಾ ಯಾವುದು ಗೊತ್ತೇ? ಬೆಳಕು ಜಾಸ್ತಿಯಾಗಿ ಆಕಾಶ ಹೇಗೆ ಕಾಣದಾಗುತ್ತಿದೆ ಅನ್ನುವ ಸಾಕ್ಷ್ಯಚಿತ್ರ!

ಕೊನೆಗೆ ನೀರಗಂಟಿಯನ್ನು ಕರೆಸಿದೆವು. ನಮ್ಮೂರಲ್ಲಿ ಬೀದಿದೀಪಕ್ಕೆ ಒಂದೊಂದಕ್ಕೆ ಒಂದು ಸ್ವಿಚ್ ಇಲ್ಲ, ಇಡೀ ಬೀದಿಗೆ ಒಂದೇ ಪೆಟ್ಟಿಗೆ. ಆತ ಪೆಟ್ಟಿಗೆ ತೆಗೆದು ಆಫ್ ಮಾಡಿದ ತಕ್ಷಣ ಬೀದಿ ಪೂರ್ತಿ ಕತ್ತಲಾಯಿತು. ಹುಡುಗರು ಹೋ ಅಂತ ಕೂಗಿದರು, ಒಂದಿಬ್ಬರು ಮೊಬೈಲ್ ಟಾರ್ಚ್ ಹಾಕಿದರು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗಲಾಟೆ ತಾನಾಗಿಯೇ ಇಳಿಯಿತು. ಸಂಕ್ರಾಂತಿ ಕಳೆದ ವಾರ, ಅಮಾವಾಸ್ಯೆ ಹತ್ತಿರ. ತಲೆಯ ಮೇಲೆ ಕೃತ್ತಿಕೆಯ ಗೊಂಚಲು, ಪೂರ್ವಕ್ಕೆ ಸಾಲಾಗಿ ನಿಂತ ಮೂರು ಚುಕ್ಕಿ.

"ಈ ಗೊಂಚಲು ನೋಡಿ ಎಷ್ಟು ದಿನ ಆಗಿತ್ತು ಕಂದಾ" ಅಂದರು ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ. "ನಮ್ಮಪ್ಪ ಇದು ಎಲ್ಲೈತೆ ನೋಡಿ ಕಪಿಲೆ ಕಟ್ಟೋಕೆ ಎದ್ದು ಹೋಗೋರು."

ಇಲ್ಲೊಂದು ಸಣ್ಣ ಮಾತು ಹೇಳಿಬಿಡುತ್ತೇನೆ. ಆ ಮೂರು ಚುಕ್ಕಿಯ ಪಕ್ಕದಲ್ಲೇ ಕೆಂಪಗೆ ಹೊಳೆಯುವ ಚುಕ್ಕಿ ಆರಿದ್ರೆ. ಜೂನ್ ಕೊನೆಯ ವಾರ ಆರಿದ್ರಾ ಮಳೆ ಕೂಡಿತು ಅನ್ನುತ್ತೇವಲ್ಲ, ಆ ದಿನಗಳಲ್ಲಿ ಈ ನಕ್ಷತ್ರ ಕಾಣುವುದೇ ಇಲ್ಲ. ಸೂರ್ಯ ಆಗ ಅದರ ಹತ್ತಿರವೇ ಇರುತ್ತಾನೆ, ಅವನ ಬೆಳಕಿನಲ್ಲಿ ಅದು ಮುಳುಗಿಹೋಗಿರುತ್ತದೆ. ಅಂದರೆ ಸಂಜೆ ಪಶ್ಚಿಮದಲ್ಲಿ ಯಾವ ಚುಕ್ಕಿ ಮುಳುಗಿತು, ಬೆಳಗಿನ ಜಾವ ಪೂರ್ವದಲ್ಲಿ ಯಾವುದು ಮತ್ತೆ ಕಂಡಿತು ಅಂತ ವರ್ಷವರ್ಷ ನೋಡಿದವರು ಮಾತ್ರ ಇಂಥ ಮಳೆಯ ಲೆಕ್ಕ ಹಾಕಲು ಸಾಧ್ಯ. ಈಗ ಆ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿ ಬರುತ್ತದೆ. ಆಕಾಶ ನೋಡುವ ಅಗತ್ಯವಿಲ್ಲ.

ಅವತ್ತು ತೋರಿಸಿದ್ದು ಶ್ರೀರಾಮ್ ಮುರಳಿ ಅನ್ನುವವರ ಎರಡು ಚಿತ್ರಗಳು. 'ಲಾಸ್ಟ್ ಇನ್ ಲೈಟ್' ಕೆಲವೇ ನಿಮಿಷದ್ದು, 2016ರದ್ದು. ನಗರದ ನಡುವಿನ ಆಕಾಶದಿಂದ ಶುರುವಾಗಿ ಹಂತಹಂತವಾಗಿ ಊರಾಚೆ ಹೋಗುತ್ತಾ ಚುಕ್ಕಿಗಳು ಹೇಗೆ ಹೆಚ್ಚುತ್ತವೆ ಅಂತ ತೋರಿಸುತ್ತದೆ. ಇನ್ನೊಂದು ಅದಕ್ಕಿಂತ ಉದ್ದದ 'ಸೇವಿಂಗ್ ದಿ ಡಾರ್ಕ್'. ಎರಡೂ ಅಮೆರಿಕದಲ್ಲಿ ತೆಗೆದವು, ಮಾತೆಲ್ಲ ಇಂಗ್ಲಿಷ್. ಐದೈದು ನಿಮಿಷಕ್ಕೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ನನಗೇ ಅನ್ನಿಸಿತು, ಇದೇ ಕಥೆ ನಮ್ಮ ಸುತ್ತಮುತ್ತಲೂ ನಡೆದಿದೆ. ಅದನ್ನು ಬರೆಯೋಣ ಅಂತ ಕೂತೆ.

ನಮ್ಮ ಕಡೆಯ ಕರೆಂಟಿನ ಕಥೆ ಶಿವನಸಮುದ್ರದಿಂದ ಶುರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ, ಅವರು 1901ರಲ್ಲಿ ತೀರಿಕೊಂಡ ಮೇಲೆ, 1902ರ ಜೂನ್‌ನಲ್ಲಿ ಮುಗಿಯಿತು. ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹೋಗಿದ್ದು ಎಲ್ಲಿಗೆ? ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. ಕೋಲಾರದ ಚಿನ್ನದ ಗಣಿಗೆ. ಆಗ ಪ್ರಪಂಚದಲ್ಲೇ ಬಹಳ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಕರೆಂಟು ಸಿಕ್ಕಿದ್ದು ಮೂರು ವರ್ಷ ಬಿಟ್ಟು, 1905ರ ಆಗಸ್ಟ್‌ನಲ್ಲಿ. ಏಷ್ಯಾದಲ್ಲೇ ಮೊದಲು ಬೀದಿಗೆ ವಿದ್ಯುತ್ ದೀಪ ಹಾಕಿದ ಊರು ಬೆಂಗಳೂರು ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಹೆಮ್ಮೆಯ ಮಾತೇ ಆದರೂ ನಿಜವಲ್ಲ. ಚೀನಾದ ಶಾಂಘೈಯಲ್ಲಿ 1882ರಲ್ಲೇ ವಿದ್ಯುತ್ ಬೀದಿದೀಪ ಇತ್ತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಗಣಿಗೆ ಹೋದ ಆ ತಂತಿ ನೂರಾರು ಹಳ್ಳಿಗಳ ಹೊಲದ ಮೇಲೆ ಹಾದುಹೋಯಿತು. ತಂತಿಯ ಕೆಳಗೆ ಇದ್ದವರ ಮನೆಯಲ್ಲಿ ಮುಂದೆ ಎಷ್ಟೋ ದಶಕ ಬುಡ್ಡಿ ದೀಪವೇ. ಮದುವೆ, ಬಯಲಾಟ ಅಂದರೆ ಬಾಡಿಗೆಗೆ ತಂದ ಪೆಟ್ರೋಮ್ಯಾಕ್ಸ್. ಕರ್ನಾಟಕದ ಬಹಳಷ್ಟು ಬಡವರ ಮನೆಗೆ ಮೊದಲು ಬಂದ ಕರೆಂಟು ಅಂದರೆ ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು. ಅದೂ ಸಂಜೆ ಹೊತ್ತಿಗೆ ಮಿಣಮಿಣ ಅನ್ನುತ್ತಿತ್ತು. ಹೀಗಾಗಿ ಹಳ್ಳಿಯವರ ಮುಂದೆ ನಿಂತು "ಬೆಳಕು ಜಾಸ್ತಿಯಾಯಿತು" ಅನ್ನುವವನಿಗೆ ಸ್ವಲ್ಪ ನಾಚಿಕೆ ಇರಬೇಕು. ನನಗೂ ಅವತ್ತು ಇತ್ತು. ನಮ್ಮ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಜಮೀನಿನಲ್ಲಿ ಸೋಲಾರ್ ಪಾರ್ಕ್ ನಿಂತಿದೆ. ಬಿಸಿಲು ನಮ್ಮದು, ಕರೆಂಟು ಲೈನ್ ಹತ್ತಿ ದೂರ ಹೋಗುತ್ತದೆ. ಅದರದ್ದೇ ಇನ್ನೊಂದು ಕಥೆ, ಮತ್ತೊಮ್ಮೆ ಬರೆಯುತ್ತೇವೆ.

ಈಗ ಆಕಾಶ ನೋಡುವವರ ಕಡೆ ಬರೋಣ.

ದಕ್ಷಿಣ ಭಾರತದಲ್ಲಿ ಹೊಸ ಕಾಲದ ಮೊದಲ ವೀಕ್ಷಣಾಲಯ ಮದ್ರಾಸಿನದು. 1786ರಲ್ಲಿ ವಿಲಿಯಂ ಪೆಟ್ರಿ ಅನ್ನುವ ಕಂಪನಿ ಅಧಿಕಾರಿ ಸ್ವಂತಕ್ಕೆ ಇಟ್ಟುಕೊಂಡಿದ್ದನ್ನು ಈಸ್ಟ್ ಇಂಡಿಯಾ ಕಂಪನಿ ವಹಿಸಿಕೊಂಡು, 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡ ಕಟ್ಟಿಸಿತು. ಇವತ್ತು ನುಂಗಂಬಾಕ್ಕಂ ಅಂದರೆ ಚೆನ್ನೈನ ನಟ್ಟನಡುವೆ. ಹಡಗಿನವರಿಗೆ ಸರಿಯಾದ ಸಮಯ, ಭೂಪಟ ಮಾಡುವವರಿಗೆ ಸರಿಯಾದ ರೇಖಾಂಶ ಬೇಕಿತ್ತು. ಅದಕ್ಕೆ ನಕ್ಷತ್ರ ಬೇಕಿತ್ತು. ದೀಪದ ತೊಂದರೆ ಯಾರ ತಲೆಯಲ್ಲೂ ಇರಲಿಲ್ಲ. ಊರೇ ಕತ್ತಲಲ್ಲಿತ್ತು.

ಅಲ್ಲಿ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ, ಬೆಳಕು ಹೆಚ್ಚುಕಡಿಮೆಯಾಗುವ ಒಂದು ನಕ್ಷತ್ರವನ್ನು ಪತ್ತೆಹಚ್ಚಿದರು. 'ಆರ್ ರೆಟಿಕ್ಯುಲೈ' ಅಂತ ಅದರ ಹೆಸರು. ನೆನಪಿಡಿ, ಮದ್ರಾಸ್ ನಗರದ ಒಳಗೆ ಕೂತು! ಅವರ ಇನ್ನೊಂದು ಕೆಲಸ ನಮಗೆ ಇನ್ನೂ ಹತ್ತಿರದ್ದು. 1874ರ ಡಿಸೆಂಬರ್ 9ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಜನ ಹೆದರದೆ ತಿಳಿದು ನೋಡಲಿ ಅಂತ ರಘುನಾಥಾಚಾರಿ ಒಂದು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಅಚ್ಚಾಯಿತು. 150 ವರ್ಷಗಳ ಹಿಂದೆ, ಕರೆಂಟೇ ಇಲ್ಲದ ಕಾಲದಲ್ಲಿ, ಆಕಾಶದ ಬಗ್ಗೆ ಕನ್ನಡ ಓದುಗರಿಗೆ ಅಂತ ಒಬ್ಬರು ಕೂತು ಬರೆಸಿದ್ದರು ಅನ್ನುವುದು ನನಗೆ ದೊಡ್ಡ ಸುದ್ದಿ ಅನ್ನಿಸಿತು. ನಮ್ಮ ಪಂಚೆ ಸಿನಿಮಾ ಹೊಸದೇನಲ್ಲ ಬಿಡಿ.

1899ರಲ್ಲಿ ಮದ್ರಾಸಿನ ಕೆಲಸ ಕೊಡೈಕೆನಾಲ್ ಬೆಟ್ಟಕ್ಕೆ ಹೋಯಿತು. ಅದು ದೀಪಕ್ಕೆ ಹೆದರಿ ಅಲ್ಲ, ಸೂರ್ಯನನ್ನು ಚೆನ್ನಾಗಿ ನೋಡಲು. ಬೆಳಕಿನ ಕಾಟ ಚೆನ್ನಾಗಿ ಗೊತ್ತಾಗುವುದು ಹೈದರಾಬಾದಿನಲ್ಲಿ.

ಅಲ್ಲಿ ನವಾಬ್ ಜಾಫರ್ ಜಂಗ್ ಅನ್ನುವ ಶ್ರೀಮಂತರು 1901ರಲ್ಲಿ ಇಂಗ್ಲೆಂಡಿನಿಂದ 15 ಇಂಚಿನ ದೂರದರ್ಶಕ ತರಿಸಿ, ವೀಕ್ಷಣಾಲಯ ಶುರುಮಾಡಿ, ನಿಜಾಮರ ಹೆಸರಿಟ್ಟರು. ಮುಂದೆ ಅದು ಬೇಗಂಪೇಟೆಗೆ ಬಂತು. ಆಗ ಬೇಗಂಪೇಟೆ ಊರಾಚೆ. ಇಡೀ ಆಕಾಶದ ಫೋಟೊ ತೆಗೆದು ನಕ್ಷತ್ರಪಟ ಮಾಡುವ ಕೆಲಸ ಹಲವು ದೇಶಗಳಲ್ಲಿ ಹಂಚಿಕೊಂಡು ನಡೆಯುತ್ತಿತ್ತು. ಅದರಲ್ಲಿ ಒಂದು ಪಾಲನ್ನು ಈ ವೀಕ್ಷಣಾಲಯ ಮಾಡಿತು. ಊರು ಬೆಳೆಯಿತು, ಬೇಗಂಪೇಟೆ ಊರೊಳಗಾಯಿತು. ರಾತ್ರಿ ಆಕಾಶ ಬೆಳ್ಳಗಾಗತೊಡಗಿತು. ಸರಿ, ನಗರದಿಂದ ಐವತ್ತು ಕಿಲೋಮೀಟರ್ ಆಚೆ ಜಪಾಲ್-ರಂಗಾಪುರ ಅನ್ನುವ ಹಳ್ಳಿಗಳ ನಡುವಿನ ಗುಡ್ಡ ಹುಡುಕಿ, 1968ರಲ್ಲಿ 48 ಇಂಚಿನ ದೂರದರ್ಶಕ ನಿಲ್ಲಿಸಿದರು. ಹನ್ನೆರಡು ವರ್ಷಕ್ಕೆ, 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ನೇರ ಅದರ ಮೇಲೇ ಹಾದುಹೋಯಿತು. ನಮ್ಮ ಹುಬ್ಬಳ್ಳಿ, ರಾಯಚೂರು ಕಡೆಯವರಿಗೂ ಅದೇ ಗ್ರಹಣ. ಹಿರಿಯರನ್ನು ಕೇಳಿ ನೋಡಿ, ಮಟಮಟ ಮಧ್ಯಾಹ್ನ ಕಳೆದು ಕತ್ತಲಾದದ್ದನ್ನು ಕಂಡವರು ಕೆಲವರೇ, ಬಾಗಿಲು ಹಾಕಿಕೊಂಡು ಒಳಗೆ ಕೂತವರೇ ಬಹಳ. ಹೈದರಾಬಾದ್ ಸುಮ್ಮನಿರಲಿಲ್ಲ. ಐವತ್ತು ಕಿಲೋಮೀಟರನ್ನೂ ದಾಟಿ ಅದರ ಬೆಳಕು ಗುಡ್ಡದವರೆಗೆ ಬಂತು.

ಬೇಗಂಪೇಟೆಯ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಬಾಪು ಅನ್ನುವವರಿಗೆ ಒಬ್ಬ ಮಗ. ಕೇರಳ ಮೂಲದ ಕುಟುಂಬ. ಹುಡುಗ ಅಲ್ಲೇ ದೂರದರ್ಶಕದ ನೆರಳಲ್ಲಿ ಬೆಳೆದ. ಅವರೇ ವೈನು ಬಾಪು, ಹುಟ್ಟಿದ್ದು 1927. ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, 1949ರಲ್ಲಿ, ಒಂದು ಧೂಮಕೇತು ಕಂಡುಹಿಡಿದರು. ಅದಕ್ಕೆ ಅವರ ಹೆಸರೂ ಸೇರಿದೆ. ಅಲ್ಲೇ ಇದ್ದುಬಿಡಬಹುದಿತ್ತು. ವಾಪಸ್ ಬಂದು ಮೊದಲು ನೈನಿತಾಲ್‌ನಲ್ಲಿ ವೀಕ್ಷಣಾಲಯ ಕಟ್ಟಿ, 1960ರಲ್ಲಿ ಕೊಡೈಕೆನಾಲ್‌ಗೆ ಮುಖ್ಯಸ್ಥರಾಗಿ ಬಂದರು.

ಕೊಡೈಕೆನಾಲ್ ಸೂರ್ಯನಿಗೆ ಸರಿ, ನಕ್ಷತ್ರಕ್ಕೆ ಸಾಲದು. ಬಾಪು ಬೇರೆ ಜಾಗ ಹುಡುಕಿದರು. ಸಿಕ್ಕಿದ್ದು ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು. ಬೆಂಗಳೂರಿನಿಂದ ಸುಮಾರು 175 ಕಿಲೋಮೀಟರ್. ಕಾಡು, ಶ್ರೀಗಂಧದ ಮರ, ಸುತ್ತ ಬುಡಕಟ್ಟು ಜನರ ಸಣ್ಣಸಣ್ಣ ಹಳ್ಳಿ. ದಕ್ಷಿಣದಲ್ಲಿ ಇರುವುದರಿಂದ ಉತ್ತರದ ದೇಶಗಳಿಗೆ ಕಾಣದ ದಕ್ಷಿಣ ಆಕಾಶದ ಬಹುಭಾಗವೂ ಇಲ್ಲಿ ಕಾಣುತ್ತದೆ. 1968ರಲ್ಲಿ 38 ಸೆಂಟಿಮೀಟರಿನ ಸಣ್ಣ ದೂರದರ್ಶಕದಿಂದ ಕೆಲಸ ಶುರುವಾಯಿತು. 1972ಕ್ಕೆ ಜರ್ಮನಿಯಿಂದ ಒಂದು ಮೀಟರಿನದು ಬಂತು.

1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಗ್ರಹ ಅಡ್ಡ ಬರುವುದಕ್ಕೆ ಮೊದಲೇ ನಕ್ಷತ್ರದ ಬೆಳಕು ಚೂರು ಕುಂದಿತು, ಮತ್ತೆ ಬಂತು. ಗ್ರಹದ ಸುತ್ತ ಬಳೆಗಳಿದ್ದವು, ಅವು ಅಡ್ಡ ಬಂದಿದ್ದವು. ಯುರೇನಸ್‌ಗೆ ಬಳೆ ಇದೆ ಅಂತ ಪ್ರಪಂಚಕ್ಕೆ ಗೊತ್ತಾದದ್ದು ಆ ರಾತ್ರಿ. ಅದನ್ನು ದಾಖಲಿಸಿದ ಕೆಲವೇ ಜಾಗಗಳಲ್ಲಿ ಕಾವಲೂರೂ ಒಂದು. ಒಂದು ಚುಕ್ಕಿಯ ಬೆಳಕು ಕೆಲವು ಕ್ಷಣ ಚೂರು ಕುಂದಿದ್ದು ತಿಳಿಯಬೇಕಾದರೆ ಸುತ್ತಲ ಆಕಾಶ ಎಷ್ಟು ಕಪ್ಪಗಿರಬೇಕು ಯೋಚಿಸಿ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಬಾಪು ಅವರ ದೊಡ್ಡ ಕನಸು ನಮ್ಮ ದೇಶದಲ್ಲೇ ಮಾಡಿದ 2.3 ಮೀಟರಿನ ದೂರದರ್ಶಕ. ಅದು ಮುಗಿಯುವುದನ್ನು ಅವರು ನೋಡಲಿಲ್ಲ. 1982ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು, ಬರೀ 55 ವರ್ಷ. 1986ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿಗೆ ಬಂದು ಅದನ್ನು ಉದ್ಘಾಟಿಸಿ ಬಾಪು ಅವರ ಹೆಸರಿಟ್ಟರು. ಅಷ್ಟರಲ್ಲಿ ಬೆಟ್ಟದ ಕೆಳಗಿನ ಪಟ್ಟಣಗಳು ಬೆಳೆಯತೊಡಗಿದ್ದವು. ಯಾರ ತಪ್ಪೂ ಅಲ್ಲ. ವಾಣಿಯಂಬಾಡಿಯವರಿಗೂ ಆಂಬೂರಿನವರಿಗೂ ಬೀದಿದೀಪ ಬೇಡವೇ?

ಮತ್ತೆ ಜಾಗ ಹುಡುಕಾಟ. ಈ ಸಲ ದೇಶದ ತುತ್ತತುದಿಗೆ. ಲಡಾಖಿನ ಹಾನ್ಲೆ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಜಾಸ್ತಿ. ಮಳೆ ಕಡಿಮೆ, ಗಾಳಿ ತೆಳು, ಜನ ಕಡಿಮೆ. ಅಲ್ಲಿ ಎರಡು ಮೀಟರಿನ ದೂರದರ್ಶಕ 2000ದಲ್ಲಿ ಮೊದಲ ಸಲ ಕಣ್ಣು ಬಿಟ್ಟಿತು. ಅಷ್ಟು ಎತ್ತರದಲ್ಲಿ ರಾತ್ರಿಯೆಲ್ಲ ಕೂತು ಕೆಲಸ ಮಾಡುವುದು ಕಷ್ಟ, ಉಸಿರಾಟಕ್ಕೇ ತೊಂದರೆ. ಅದಕ್ಕೆ ಉಪಗ್ರಹದ ಮೂಲಕ ದೂರದಿಂದಲೇ ನಡೆಸುತ್ತಾರೆ. ಎಲ್ಲಿಂದ ಅಂದುಕೊಂಡಿರಿ? ನಮ್ಮ ಹೊಸಕೋಟೆಯಿಂದ! ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವೊಂದು ಹೊಸಕೋಟೆಯಲ್ಲಿದೆ, 2001ರಿಂದ ಅಲ್ಲಿ ಕೂತು ಹಾನ್ಲೆಯ ಆಕಾಶ ನೋಡುತ್ತಾರೆ. ಹೊರಗೆ ಬಂದು ತಲೆ ಎತ್ತಿದರೆ ಬೆಂಗಳೂರಿನ ಬೆಳಕು.

ಹಾನ್ಲೆಯಿಂದ ಆಚೆ ಓಡಲು ಜಾಗ ಇಲ್ಲ. ಗಡಿ ಹತ್ತಿರವೇ ಇದೆ. ಹಾಗಾಗಿ ಅಲ್ಲಿ ಲೆಕ್ಕ ತಿರುಗಿತು. ಸುತ್ತಲ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲಾಕಾಶದ ರಕ್ಷಿತ ಪ್ರದೇಶ ಅಂತ ಘೋಷಿಸಿದರು. ದೇಶದಲ್ಲಿ ಇದೇ ಮೊದಲು. ಅಲ್ಲಿನ ಹಳ್ಳಿಗಳಿಗೆ ದೀಪ ಬೇಡ ಅಂದಿಲ್ಲ. ಕಿಟಕಿಗೆ ದಪ್ಪ ಪರದೆ, ಹೊರಗಿನ ದೀಪಕ್ಕೆ ಮೇಲಿನಿಂದ ಮುಚ್ಚಳ, ರಾತ್ರಿ ಗಾಡಿಯ ಹೆಡ್‌ಲೈಟಿಗೆ ಕಡಿವಾಣ. ಬದಲಿಗೆ ಊರವರಿಗೆ ಏನು ಸಿಕ್ಕಿತು? 24 ಸ್ಥಳೀಯರಿಗೆ, ಅವರಲ್ಲಿ ಹೆಂಗಸರೇ ಹೆಚ್ಚು, ನಕ್ಷತ್ರ ತೋರಿಸುವ ತರಬೇತಿ ಕೊಟ್ಟು ದೂರದರ್ಶಕಗಳನ್ನೂ ಕೊಟ್ಟರು. ಬರುವ ಪ್ರವಾಸಿಗಳು ಅವರ ಮನೆಯಲ್ಲೇ ಉಳಿದು, ಅವರ ಕೈಯಿಂದಲೇ ಆಕಾಶ ನೋಡಿ ದುಡ್ಡು ಕೊಟ್ಟು ಹೋಗುತ್ತಾರೆ. ಕತ್ತಲು ಉಳಿಸುವವರಿಗೇ ಅದರ ಲಾಭ ಹೋಗಬೇಕು ಅನ್ನುವ ಈ ಭಾಗ ನನಗೆ ಬಹಳ ಸರಿ ಅನ್ನಿಸುತ್ತದೆ. 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯಕ್ಕೂ ಇಂಥದ್ದೇ ಮಾನ್ಯತೆ ಸಿಕ್ಕಿತು.

ಇದೆಲ್ಲ ಬಹಳ ಹೊಸದೂ ಅಲ್ಲ. ಅಮೆರಿಕದ ಫ್ಲಾಗ್‌ಸ್ಟಾಫ್ ಪಟ್ಟಣ 1958ರಲ್ಲೇ, ಜಾಹೀರಾತಿಗೆ ಆಕಾಶಕ್ಕೆ ಬಿಡುವ ಸರ್ಚ್‌ಲೈಟ್ ಕೂಡದು ಅಂತ ಕಾನೂನು ಮಾಡಿತ್ತು. ಪಕ್ಕದಲ್ಲೇ ಇದ್ದ ವೀಕ್ಷಣಾಲಯಕ್ಕೋಸ್ಕರ.

ಅವತ್ತು ಸಿನಿಮಾ ಮುಗಿದ ಮೇಲೆ ಜಗಳವೇ ಆಯಿತು ಅನ್ನಬಹುದು. ಬಸ್ ಸ್ಟ್ಯಾಂಡಿನ ಸರ್ಕಲ್ಲಿಗೆ ಹೈಮಾಸ್ಟ್ ದೀಪ ಬರುವ ಮಾತು ನಮ್ಮೂರಲ್ಲಿ ನಡೆಯುತ್ತಿದೆ. ನಾವು ಅದನ್ನು ತಪ್ಪಿಸಲು ಈ ಸಿನಿಮಾ ತಂದಿದ್ದೇವೆ ಅಂತ ಕೆಲವರಿಗೆ ಅನುಮಾನ. ಬೆಳಗಿನ ಜಾವ ಐದಕ್ಕೆ ಡೈರಿಗೆ ಹಾಲು ಹಾಕುವ ಅಕ್ಕ ಒಬ್ಬರು ಎದ್ದು ನಿಂತು ಕೇಳಿದರು: "ನಿಮಗೆ ಚುಕ್ಕಿ ಬೇಕು, ಸರಿ. ಹೋದ ಮಳೆಗಾಲದಲ್ಲಿ ನನ್ನ ಕಾಲ ಹತ್ರಾನೇ ಮಂಡಲದ ಹಾವು ಹೋಯ್ತಲ್ಲ, ಅವಾಗ ನೀವ್ ಎಲ್ಲಿದ್ರಿ?"

ಉತ್ತರ ಹೇಳಲು ತಡವರಿಸಿದೆ. ನಿವೃತ್ತ ಲೈನ್‌ಮನ್ ಒಬ್ಬರು ಕಾಪಾಡಿದರು. ಎದುರಿನ ಕಂಬ ತೋರಿಸಿ, "ಈ ದೀಪಾನ ಮೇಲ್ಮುಖ ಓರೆ ಮಾಡಿ ಹಾಕವ್ರೆ. ಅರ್ಧ ಬೆಳಕು ಶಾಲೆ ಗೋಡೆಗೆ, ಕಾಲು ಭಾಗ ಆಕಾಶಕ್ಕೆ. ಡೈರಿ ದಾರಿಗೆ ಬೀಳೋದೇ ಕಮ್ಮಿ. ಬಗ್ಗಿಸಿ ಕಟ್ಟಿದ್ರೆ ಇವಮ್ಮಂಗೆ ಹಾವೂ ಕಾಣ್ತದೆ" ಅಂದರು.

ವಿಷಯ ಇರುವುದೇ ಇಷ್ಟು, ನಾನು ಅದನ್ನು ಸಿನಿಮಾ ನಿಲ್ಲಿಸಿ ನಿಲ್ಲಿಸಿ ಹೇಳಿದ್ದರೂ ಅವರ ಹಾಗೆ ಹೇಳಿರಲಿಲ್ಲ. ಮೇಲಕ್ಕೂ ಅಡ್ಡಕ್ಕೂ ಹೋಗುವ ಬೆಳಕು ಯಾರಿಗೂ ದಾರಿ ತೋರಿಸುವುದಿಲ್ಲ. ಅದು ಗಾಳಿಯ ಕಣಗಳಿಗೆ, ದೂಳಿಗೆ ಬಡಿದು ಚದುರಿ, ಆಕಾಶಕ್ಕೆ ಸುಣ್ಣ ಬಳಿದ ಹಾಗೆ ಹರಡುತ್ತದೆ. ಎಲ್‌ಇಡಿಯಲ್ಲೂ ನೀಲಿ ಮಿಶ್ರಿತ ಬೆಳ್ಳನೆಯದು ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿ ಇರುವುದಕ್ಕೂ ಇದೇ ಕಾರಣ. ಹಳೆಯ ಸೋಡಿಯಂ ದೀಪದ ಹಳದಿ ಬೆಳಕು ಅಷ್ಟು ಚದುರುತ್ತಿರಲಿಲ್ಲ. ಎಲ್‌ಇಡಿ ಕರೆಂಟು ಉಳಿಸುತ್ತದೆ ನಿಜ, ಆದರೆ ಅಗ್ಗವಾಯಿತು ಅಂತ ಒಂದರ ಜಾಗದಲ್ಲಿ ಮೂರು ಹಾಕುತ್ತೇವೆ. 2011ರಿಂದ 2022ರವರೆಗೆ ಪ್ರಪಂಚದ ಬೇರೆಬೇರೆ ಕಡೆಯ ಸಾಮಾನ್ಯ ಜನರೇ ಬರಿಗಣ್ಣಿನಿಂದ ನಕ್ಷತ್ರ ನೋಡಿ ಕಳಿಸಿದ ಮಾಹಿತಿ ಲೆಕ್ಕ ಹಾಕಿದಾಗ, ರಾತ್ರಿ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ 9.6ರಷ್ಟು ಏರುತ್ತಿರುವುದು ಕಂಡುಬಂತು. ಅಂದರೆ ಎಂಟು ವರ್ಷಕ್ಕೆ ಎರಡರಷ್ಟು. ಅಜ್ಜಿಯ ಕೃತ್ತಿಕೆ ಗೊಂಚಲು ಅವರ ಮರಿಮಗಳಿಗೆ ಕಾಣುವುದು ಈ ಲೆಕ್ಕದ ಮೇಲೆ ನಿಂತಿದೆ.

ಹಾಗಂತ ಹಾಲು ಹಾಕುವ ಅಕ್ಕನ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ. ದೀಪ ಬಗ್ಗಿಸುವುದು ಯಾರು, ಅದಕ್ಕೆ ಏಣಿ ಗಾಡಿ ಯಾರು ತರಿಸಬೇಕು, ಹೈಮಾಸ್ಟ್ ಬದಲು ಡೈರಿ ದಾರಿಗೆ ನಾಲ್ಕು ಗಿಡ್ಡ ಕಂಬ ಕೇಳಿದರೆ ಕೊಡುತ್ತಾರೆಯೇ ಅಂತ ಮಾತು ಹತ್ತು ಗಂಟೆಯವರೆಗೂ ನಡೆಯಿತು. ಲೈನ್‌ಮನ್ ಅಜ್ಜ ಒಂದು ಕಾಗದದಲ್ಲಿ ನಾಲ್ಕು ಕಂಬದ ಜಾಗ ಗುರುತುಮಾಡಿ ಕೊಟ್ಟಿದ್ದಾರೆ. ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಾಗಿದೆ, ಮೊದಲ ಸಹಿ ಆ ಅಕ್ಕನದೇ.

ಚಾಪೆ ಸುತ್ತುವ ಹೊತ್ತಿಗೆ ನೀರಗಂಟಿ ಬಂದು ಸ್ವಿಚ್ ಹಾಕಲೇ ಅಂತ ಕೇಳಿದ. ಎಲ್ಲರೂ ಮನೆ ಸೇರಲಿ, ಹಾಕು ಅಂದೆವು. ಮುಂದಿನ ಸಾಲಿನ ಅಜ್ಜಿ ಮಾತ್ರ ಎದ್ದಿರಲಿಲ್ಲ. "ಇನ್ನೊಂದ್ ಗಳಿಗೆ ತಾಳಪ್ಪ" ಅಂದರು.